ಕಾಫಿ ಮಲೆಯಲ್ಲಿ ಧ್ಯಾನಪಠಣ: ಒಂದು ಕ್ರೈಸ್ತ ಸಾಧನೆಯ ಚರಿತ್ರೆ

ಧರ್ಮಗ್ರಂಥದ ಒಂದು ಕಿರುಭಾಗವನ್ನು ಅವಸರವಿಲ್ಲದೆ ಓದಿ, ಅದರಲ್ಲಿ ಮನಸ್ಸಿಗೆ ತಾಗಿದ ಮಾತನ್ನು ಮತ್ತೆ ಮತ್ತೆ ಮೆಲುಕು ಹಾಕಿ, ಆ ಮಾತಿಗೆ ಉತ್ತರವೆಂಬಂತೆ ಪ್ರಾರ್ಥಿಸಿ, ಕೊನೆಗೆ ಮಾತನ್ನೂ ಬಿಟ್ಟು ದೇವರ ಸನ್ನಿಧಿಯಲ್ಲಿ ನೆಲೆನಿಲ್ಲುವ ಸಾಧನೆಗೆ ಪಶ್ಚಿಮದ ಕ್ರೈಸ್ತ ಮಠಗಳಲ್ಲಿ ಲೆಕ್ತಿಯೊ ದಿವೀನಾ ಎಂಬ ಲ್ಯಾಟಿನ್ ಹೆಸರಿದೆ. ಇಲ್ಲಿ ಅದನ್ನು ಧ್ಯಾನಪಠಣ ಎಂದು ಕರೆಯಲಾಗಿದೆ. ಕರ್ನಾಟಕದ ಕ್ರೈಸ್ತರಲ್ಲಿ ಈ ಸಾಧನೆ ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ, ಗುರುಮಠಗಳ ಶಿಬಿರಗಳ ಮೂಲಕ ಮತ್ತು ಯುರೋಪಿನ ಪುಸ್ತಕಗಳ ಮೂಲಕ ಬಂದಿತೆಂದು ಸಾಮಾನ್ಯವಾಗಿ ತಿಳಿಯಲಾಗುತ್ತದೆ. ಹೆಸರಿನ ಮಟ್ಟಿಗೆ ಈ ತಿಳಿವಳಿಕೆ ಸರಿ. ಆದರೆ ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಕಾಫಿ ಸೀಮೆಯಲ್ಲಿ ನೆಲೆಸಿದ ಕ್ರೈಸ್ತ ಸಮುದಾಯಗಳ ಹಿನ್ನೆಲೆಯನ್ನು ಒಂದೊಂದಾಗಿ ಪರಿಶೀಲಿಸಿದರೆ, ಈ ಸಾಧನೆಯ ಒಳಗಿನ ಚಲನೆ, ಅಂದರೆ ಕೇಳುವುದು, ನೆನಪಿನಲ್ಲಿಡುವುದು, ಮರುನುಡಿಯುವುದು, ಮೌನದಲ್ಲಿ ನಿಲ್ಲುವುದು, ಹೆಸರಿಗಿಂತ ಬಹಳ ಮೊದಲೇ ಅವರ ಮನೆಗಳಲ್ಲಿ ಇದ್ದಿತೆಂದು ಕಾಣುತ್ತದೆ. ಅದು ಕಣ್ಣಿಗಿಂತ ಹೆಚ್ಚಾಗಿ ಕಿವಿಯನ್ನು ನಂಬಿದ ಓದಾಗಿತ್ತು.

ಯುರೋಪಿನಲ್ಲಿಯೂ ಈ ಸಾಧನೆಯ ಮೂಲ ಕಿವಿಯಲ್ಲಿಯೇ ಇದೆ. ಮೂರನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಒರಿಗೆನ್ ತನ್ನ ಶಿಷ್ಯನಿಗೆ ಬರೆದ ಪತ್ರವೊಂದರಲ್ಲಿ ದೈವಿಕ ಪಠಣಕ್ಕೆ ಮನಸ್ಸು ಕೊಡಬೇಕೆಂದೂ ಅದಕ್ಕೆ ಪ್ರಾರ್ಥನೆ ಜೊತೆಗಿರಬೇಕೆಂದೂ ಹೇಳಿದ್ದನು. ಆರನೆಯ ಶತಮಾನದಲ್ಲಿ ಇಟಲಿಯ ಸಂತ ಬೆನೆಡಿಕ್ಟರು ರಚಿಸಿದ ಮಠನಿಯಮದ 48ನೆಯ ಅಧ್ಯಾಯವು ದಿನದ ಕೆಲವು ಹೊತ್ತನ್ನು ಕೈಕೆಲಸಕ್ಕೂ ಕೆಲವು ಹೊತ್ತನ್ನು ಪಠಣಕ್ಕೂ ನಿಗದಿಪಡಿಸಿತು. ಬೇಸಿಗೆ, ಚಳಿಗಾಲ ಮತ್ತು ಈಸ್ಟರಿಗೆ ಮುಂಚಿನ ತಪಸ್ಸುಕಾಲಗಳಿಗೆ ಈ ಹೊತ್ತುಗಳು ಬೇರೆಬೇರೆಯಾಗಿದ್ದವು, ಮತ್ತು ತಪಸ್ಸುಕಾಲದ ಆರಂಭದಲ್ಲಿ ಪ್ರತಿಯೊಬ್ಬ ಸನ್ಯಾಸಿಯೂ ಒಂದು ಪುಸ್ತಕವನ್ನು ಪಡೆದು ಅದನ್ನು ಮೊದಲಿನಿಂದ ಕೊನೆಯವರೆಗೆ ಓದಬೇಕಾಗಿತ್ತು. ಹನ್ನೆರಡನೆಯ ಶತಮಾನದಲ್ಲಿ ಫ್ರಾನ್ಸಿನ ಆಲ್ಪ್ಸ್ ಪರ್ವತಗಳ ನಡುವಿನ ಗ್ರಾಂದ್ ಶಾರ್ತ್ರೂಸ್ ಮಠದ ಮುಖ್ಯಸ್ಥನಾಗಿದ್ದ ಎರಡನೆಯ ಗ್ವಿಗೊ, ಸನ್ಯಾಸಿಗಳ ಏಣಿ ಎಂಬ ಅರ್ಥದ ಹೆಸರಿನ ತನ್ನ ಚಿಕ್ಕ ಪತ್ರರೂಪದ ಗ್ರಂಥದಲ್ಲಿ, ಅದುವರೆಗೆ ಬಿಡಿಬಿಡಿಯಾಗಿ ಇದ್ದುದನ್ನು ಪಠಣ, ಮನನ, ಪ್ರಾರ್ಥನೆ, ಧ್ಯಾನ ಎಂಬ ನಾಲ್ಕು ಮೆಟ್ಟಿಲುಗಳಾಗಿ ಜೋಡಿಸಿದನು. ಆ ಕಾಲದ ಮಠಗಳಲ್ಲಿ ಓದುವುದೆಂದರೆ ಬಹುಮಟ್ಟಿಗೆ ತುಟಿಯಾಡಿಸಿ, ತನ್ನ ದನಿ ತನಗೆ ಕೇಳುವಂತೆ ಓದುವುದೇ ಆಗಿತ್ತು. ಓದಿದ್ದು ಬಾಯಲ್ಲಿ ಉಳಿಯುತ್ತಿತ್ತು, ಹೊಲದ ಕೆಲಸದ ನಡುವೆ ಮತ್ತೆ ಬಾಯಿಗೆ ಬರುತ್ತಿತ್ತು.

ಮಠದ ಹೊರಗಿದ್ದ, ಅಕ್ಷರ ತಿಳಿಯದ ಜನರಿಗೂ ಇದರ ಒಂದು ಪಾಲು ಸಂದಿತೆಂಬುದು ಕಾಫಿ ಸೀಮೆಯ ಚರಿತ್ರೆಗೆ ಬಹಳ ಮುಖ್ಯವಾದ ಸಂಗತಿ. ಬೆನೆಡಿಕ್ಟರ ಮಠಗಳಲ್ಲಿ ವಾರವೊಂದರಲ್ಲಿ ಬೈಬಲಿನ 150 ಕೀರ್ತನೆಗಳನ್ನೂ ಹಾಡಿ ಮುಗಿಸುವ ಪದ್ಧತಿ ಇದ್ದಿತು. ಅವನ್ನು ಓದಲಾಗದ ಸಾಮಾನ್ಯರು ಅದೇ ಸಂಖ್ಯೆಯ ಚಿಕ್ಕ ಪ್ರಾರ್ಥನೆಗಳನ್ನು ಮಣಿ ಎಣಿಸಿ ಹೇಳುತ್ತಿದ್ದರು. ಮಧ್ಯಯುಗದ ಕೊನೆಯ ಹೊತ್ತಿಗೆ ಇದು ಹತ್ತು ಹತ್ತರ ಹದಿನೈದು ಕಟ್ಟುಗಳ ಜಪಸರವಾಗಿ ರೂಪುಗೊಂಡಿತು, ಮತ್ತು ಪ್ರತಿಯೊಂದು ಕಟ್ಟಿಗೂ ಯೇಸುವಿನ ಹುಟ್ಟು, ಯಾತನೆ, ಪುನರುತ್ಥಾನಗಳಿಗೆ ಸಂಬಂಧಿಸಿದ ಒಂದೊಂದು ಘಟನೆಯನ್ನು ಮನಸ್ಸಿನ ಕಣ್ಣೆದುರು ಇರಿಸಿಕೊಳ್ಳುವ ನಿಯಮ ಸೇರಿತು. ಜಪಸರವನ್ನು ಯಾಂತ್ರಿಕ ಪುನರುಚ್ಚಾರವೆಂದು ತಳ್ಳಿಹಾಕುವವರು ಅದರ ಈ ವಂಶಾವಳಿಯನ್ನು ಮರೆಯುತ್ತಾರೆ. ಅದು ಪುಸ್ತಕವಿಲ್ಲದವರ ಕೀರ್ತನಸಂಪುಟವಾಗಿತ್ತು.

ಈ ಸಾಧನೆ ಬಂದು ಸೇರಿದ ನೆಲವಾದರೂ ಓದುಗಬ್ಬದ ಸಂಸ್ಕಾರವಿಲ್ಲದ ನೆಲವಾಗಿರಲಿಲ್ಲ. ಜೈಮಿನಿ ಭಾರತವನ್ನು ಬರೆದ ಲಕ್ಷ್ಮೀಶನ ಊರೆಂದು ಪರಂಪರೆ ಗುರುತಿಸುವ ದೇವನೂರು ಇದೇ ಚಿಕ್ಕಮಗಳೂರು ಜಿಲ್ಲೆಯ ಕಡೂರು ತಾಲ್ಲೂಕಿನಲ್ಲಿದೆ. ಆ ಕಾವ್ಯವನ್ನು ಒಬ್ಬರು ರಾಗವಾಗಿ ವಾಚಿಸಿ ಇನ್ನೊಬ್ಬರು ಅರ್ಥ ಬಿಡಿಸುವ, ಊರವರು ಕುಳಿತು ಕೇಳುವ ಗಮಕದ ಪದ್ಧತಿ ಕನ್ನಡನಾಡಿನ ಹಳ್ಳಿಗಳಲ್ಲಿ ಅಕ್ಷರಸ್ಥರಿಗೂ ಅನಕ್ಷರಸ್ಥರಿಗೂ ಸಮಾನವಾಗಿ ದಕ್ಕಿದ ವಿದ್ಯೆಯಾಗಿತ್ತು. ಈ ಕಾವ್ಯವನ್ನು 1852ರಲ್ಲಿ ಬೆಂಗಳೂರಿನಲ್ಲಿ ಇಂಗ್ಲಿಷ್ ಅನುವಾದ ಮತ್ತು ಟಿಪ್ಪಣಿಗಳೊಡನೆ ಅಚ್ಚು ಮಾಡಿಸಿದವನು ಡೇನಿಯಲ್ ಸ್ಯಾಂಡರ್ಸನ್ ಎಂಬ ವೆಸ್ಲಿಯನ್ ಮಿಷನರಿ ಎಂಬುದು, ಬೈಬಲನ್ನು ಕನ್ನಡಿಗರಿಗೆ ಓದಿಸಬಯಸಿದವರು ಕನ್ನಡಿಗರು ಏನನ್ನು ಹೇಗೆ ಓದುತ್ತಿದ್ದರೆಂದು ಮೊದಲು ಕಲಿಯಬೇಕಾಯಿತೆಂಬುದಕ್ಕೆ ಸಾಕ್ಷಿ. ಜಿಲ್ಲೆಯ ಪಶ್ಚಿಮದಲ್ಲಿರುವ ಶೃಂಗೇರಿಯ ಪೀಠದಲ್ಲಿ ಉಪನಿಷತ್ತಿನ ಅಧ್ಯಯನಕ್ಕೆ ಶ್ರವಣ, ಮನನ, ನಿದಿಧ್ಯಾಸನ ಎಂಬ ಮೂರು ಹಂತಗಳನ್ನು ಹೇಳುವ ಪರಂಪರೆ ಇದೆ: ಗುರುಮುಖದಿಂದ ಕೇಳುವುದು, ಕೇಳಿದ್ದನ್ನು ತರ್ಕಿಸಿ ಸಂಶಯ ನೀಗಿಸಿಕೊಳ್ಳುವುದು, ತಿಳಿದುದರಲ್ಲಿ ಮನಸ್ಸನ್ನು ಎಡೆಬಿಡದೆ ನೆಲೆಗೊಳಿಸುವುದು. ಬಾಳೆಹೊನ್ನೂರಿನ ರಂಭಾಪುರಿ ಪೀಠದ ಸುತ್ತ ಬೆಳೆದ ವೀರಶೈವ ಆಚರಣೆಯಲ್ಲಿಯೂ ಪಾರಾಯಣಕ್ಕೆ ಗಟ್ಟಿಯಾದ ಸ್ಥಾನವಿದೆ. ಈ ಸುತ್ತಣ ಸಂಸ್ಕೃತಿಯಿಂದ ಕಾಫಿ ಸೀಮೆಯ ಕ್ರೈಸ್ತರು ನೇರವಾಗಿ ಸಾಲ ಪಡೆದರೆಂದು ಹೇಳಬೇಕಾದ ಅಗತ್ಯವಿಲ್ಲ. ಪವಿತ್ರವಾದುದನ್ನು ಕೂತು ಕೇಳಬೇಕು ಎಂಬ ಭಾವ ಇಲ್ಲಿ ಎಲ್ಲರಿಗೂ ಸಹಜವಾಗಿದ್ದಿತೆಂದು ತಿಳಿದರೆ ಸಾಕು.

ಬಾಬಾ ಬುಡನ್ ಅವರು ಹದಿನೇಳನೆಯ ಶತಮಾನದಲ್ಲಿ ಯೆಮೆನಿನಿಂದ ಏಳು ಕಾಫಿ ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬ ಐತಿಹ್ಯ ಪ್ರಸಿದ್ಧವಾಗಿದ್ದರೂ, ಕಾಡು ಕಡಿದು ದೊಡ್ಡ ಪ್ರಮಾಣದಲ್ಲಿ ತೋಟ ಮಾಡುವ ಉದ್ಯಮ ಶುರುವಾದದ್ದು 1830ರ ಆಸುಪಾಸಿನಲ್ಲಿ, ಕ್ಯಾನನ್ ಎಂಬ ಯುರೋಪಿಯನ್ ಬೆಳೆಗಾರ ಈ ಬೆಟ್ಟಸಾಲಿನಲ್ಲಿ ತೋಟ ಹಾಕಿದ ಮೇಲೆ. ಮುಂದಿನ ದಶಕಗಳಲ್ಲಿ ತೋಟಗಳು ಮೂಡಿಗೆರೆ, ಮಂಜರಾಬಾದುಗಳ ಕಡೆಗೆ ಹಬ್ಬಿದಂತೆ ಆಳುಗಳ ಬೇಡಿಕೆ ಹೆಚ್ಚಿತು. ಮುಂಗಡ ಹಣ ಕೊಟ್ಟು ಆಳು ಕೂಡಿಸುವ ಮೇಸ್ತ್ರಿಗಳು ಘಟ್ಟದ ಕೆಳಗಿನ ದಕ್ಷಿಣ ಕನ್ನಡದಿಂದ ಚಾರ್ಮಾಡಿ ಮತ್ತಿತರ ಘಾಟಿಗಳ ದಾರಿಯಾಗಿ ಜನರನ್ನು ಕರೆತಂದರು. ಅವರ ಜೊತೆಯಲ್ಲಿ, ಅವರ ಹಿಂದೆ, ಕೊಂಕಣಿ ಮಾತಾಡುವ ಮಂಗಳೂರು ಕಡೆಯ ಕಥೊಲಿಕರೂ ಬಂದರು: ಕೆಲವರು ಕೂಲಿಯಾಗಿ, ಕೆಲವರು ರೈಟರಾಗಿ, ಬಡಗಿಯಾಗಿ, ಅಂಗಡಿಯವರಾಗಿ, ಮುಂದೆ ಕೆಲವರು ತೋಟದ ಒಡೆಯರಾಗಿಯೂ ನೆಲೆನಿಂತರು. ತಮಿಳು ಮಾತಾಡುವ ಕಥೊಲಿಕ ಕೂಲಿಗಳು ಬೇರೆ ದಿಕ್ಕಿನಿಂದ ಬಂದರು. ಹಾಸನದ ಕಡೆ ಸಾತಳ್ಳಿಯ ಸುತ್ತ ಹದಿನೆಂಟು ಮತ್ತು ಹತ್ತೊಂಬತ್ತನೆಯ ಶತಮಾನಗಳಲ್ಲೇ ಕನ್ನಡ ಮಾತಾಡುವ ಕಥೊಲಿಕ ಒಕ್ಕಲು ಇದ್ದಿತು. ಹೀಗೆ ಒಂದೇ ಬಲಿಪೂಜೆಗೆ ನೆರೆದವರ ಮನೆಮಾತು ಮೂರು ನಾಲ್ಕು ಬಗೆಯದಾಗಿತ್ತು.

ಕೊಂಕಣಿ ಕುಟುಂಬಗಳ ಭಕ್ತಿ ರೂಪುಗೊಂಡದ್ದು ಕೇಳುವ ಪುರಾಣವೊಂದರ ನೆರಳಿನಲ್ಲಿ. ಇಂಗ್ಲೆಂಡಿನಲ್ಲಿ ಹುಟ್ಟಿ 1579ರಲ್ಲಿ ಗೋವೆಗೆ ಬಂದ ಯೇಸುಸಭೆಯ ಗುರು ಥಾಮಸ್ ಸ್ಟೀಫನ್ಸ್ ಬೈಬಲಿನ ಕಥನವನ್ನು ಕೊಂಕಣಿ ಬೆರೆತ ಮರಾಠಿಯಲ್ಲಿ, ಓವಿ ಎಂಬ ಹಾಡುಗಬ್ಬದ ಛಂದಸ್ಸಿನಲ್ಲಿ ರಚಿಸಿದರು. ಕ್ರಿಸ್ತಪುರಾಣವೆಂದು ಪ್ರಸಿದ್ಧವಾದ ಈ ಕೃತಿ 1616ರಲ್ಲಿ ಗೋವೆಯ ರಾಚೋಲಿನಲ್ಲಿ ಅಚ್ಚಾಯಿತು. ಸೃಷ್ಟಿಯಿಂದ ಹಿಡಿದು ಹಳೆಯ ಒಡಂಬಡಿಕೆಯನ್ನು ಹೇಳುವ ಮೊದಲನೆಯ ಪುರಾಣ ಮತ್ತು ಯೇಸುವಿನ ಚರಿತ್ರೆಯನ್ನು ಹೇಳುವ ಎರಡನೆಯ ಪುರಾಣ ಸೇರಿ ಅದರಲ್ಲಿ 10,962 ಪದ್ಯಗಳಿವೆ. ಹಿಂದಿನ ಪುರಾಣಗಳನ್ನು ಬಿಟ್ಟುಬಂದ ಹೊಸ ಕ್ರೈಸ್ತರಿಗೆ ಕಾಲ ಕಳೆಯುವುದಕ್ಕೂ ಮನಸ್ಸು ತಣಿಯುವುದಕ್ಕೂ ಕೇಳುವಂಥದ್ದು ಏನಾದರೂ ಬೇಕೆಂಬ ಬೇಡಿಕೆಯೇ ಈ ಕೃತಿಯ ಕಥಾಚೌಕಟ್ಟಿನ ಆರಂಭ. ಬಹು ಸೂಕ್ಷ್ಮವಾದ ತಿಳಿವಳಿಕೆಯಿಂದ ಹುಟ್ಟಿದ ಚೌಕಟ್ಟಿದು: ನಂಬಿಕೆಯ ವಿಷಯ ಬದಲಾದರೂ ಅದನ್ನು ಕೇಳುವ ರೀತಿ ಬದಲಾಗಬೇಕಿಲ್ಲವೆಂದು ಸ್ಟೀಫನ್ಸ್ ಕಂಡುಕೊಂಡಿದ್ದರು. ಗೋವೆಯ ಚರ್ಚುಗಳಲ್ಲಿ ಈ ಪುರಾಣವನ್ನು ಹಾಡಿ ವಿವರಿಸುವ ಪದ್ಧತಿ ಬೆಳೆಯಿತು, ಮತ್ತು ಹದಿನೇಳು, ಹದಿನೆಂಟನೆಯ ಶತಮಾನಗಳಲ್ಲಿ ಗೋವೆ ಬಿಟ್ಟು ಕೆನರಾ ಕರಾವಳಿಗೆ ಬಂದ ಕುಟುಂಬಗಳು ಅದನ್ನು ಜೊತೆಯಲ್ಲಿ ತಂದವು.

ಮೊದಲ ಅಚ್ಚಿನ ಪ್ರತಿಯೊಂದೂ ಈಗ ಉಳಿದಿಲ್ಲ. ಉಳಿದದ್ದು ಮನೆಗಳಲ್ಲಿ ನಕಲು ಮಾಡಿಕೊಂಡ ಕೈಬರಹದ ಪ್ರತಿಗಳು. ಅಂಥ ಪ್ರತಿಗಳನ್ನು ಕೂಡಿಸಿ, ಹೋಲಿಸಿ, ಜೋಸೆಫ್ ಎಲ್. ಸಲ್ಡಾನಾ ಅವರು 1907ರಲ್ಲಿ ಮಂಗಳೂರಿನಲ್ಲಿ ಈ ಪುರಾಣವನ್ನು ಮತ್ತೆ ಅಚ್ಚು ಮಾಡಿಸಿದರು. ಮುನ್ನೂರು ವರ್ಷಗಳಷ್ಟು ಕಾಲ ಒಂದು ಧರ್ಮಕಾವ್ಯ ಜನರ ಕೈಬರಹದಲ್ಲಿ ಮತ್ತು ಬಾಯಲ್ಲಿ ಬದುಕಿತ್ತೆಂದರೆ ಅದನ್ನು ಓದಿದವರಿಗಿಂತ ಕೇಳಿದವರೇ ಅದನ್ನು ಉಳಿಸಿದರೆಂದು ತಿಳಿಯಬೇಕು. 1784ರಿಂದ 1799ರವರೆಗೆ ಕೆನರಾದ ಕಥೊಲಿಕರು ಶ್ರೀರಂಗಪಟ್ಟಣದಲ್ಲಿ ಸೆರೆಯಾಗಿದ್ದ ಕಾಲದಲ್ಲಿ ಅವರಿಗೆ ಚರ್ಚುಗಳಿರಲಿಲ್ಲ, ಗುರುಗಳು ದೇಶದಿಂದ ಹೊರಗೆ ಕಳುಹಿಸಲ್ಪಟ್ಟಿದ್ದರು; ಆಗ ನಂಬಿಕೆಯನ್ನು ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟಿಸಿದ್ದು ಮನೆಯ ಹಿರಿಯರಿಗೆ ಬಾಯಿಪಾಠವಾಗಿದ್ದ ಪ್ರಾರ್ಥನೆಗಳು ಮಾತ್ರ. ಹತ್ತೊಂಬತ್ತನೆಯ ಶತಮಾನದಲ್ಲಿ ಘಟ್ಟ ಹತ್ತಿದವರು ಇಂಥ ಅನುಭವವನ್ನು ಬೆನ್ನಿಗಿಟ್ಟುಕೊಂಡು ಬಂದವರು. ತೋಟದ ಬದುಕು ಆ ಅನುಭವವನ್ನು ಇನ್ನೊಂದು ರೀತಿಯಲ್ಲಿ ಮುಂದುವರಿಸಿತು. ತೋಟದಿಂದ ತೋಟಕ್ಕೆ ಮೈಲುಗಟ್ಟಲೆ ಕಾಡುದಾರಿ, ಜೂನ್ ತಿಂಗಳಿಂದ ಸೆಪ್ಟೆಂಬರಿನವರೆಗೆ ಹಳ್ಳ ದಾಟಲಾಗದ ಮಳೆ, ದೂರದ ಚರ್ಚು, ಅಪರೂಪಕ್ಕೆ ಬರುವ ಗುರು. ಮೈಸೂರು ಸೀಮೆಯ ಕಥೊಲಿಕ ಸೇವೆ ಹತ್ತೊಂಬತ್ತನೆಯ ಶತಮಾನದಲ್ಲಿ ಪ್ಯಾರಿಸ್ ವಿದೇಶಿ ಮಿಷನ್ನಿನ ಫ್ರೆಂಚ್ ಗುರುಗಳ ಕೈಯಲ್ಲಿದ್ದಿತು. ಆದ್ದರಿಂದ ಈ ಕೊಂಕಣಿಗರಿಗೆ ಪೂಜಾವೇದಿಯ ಮೇಲೆ ಲ್ಯಾಟಿನ್, ಗುರುವಿನ ಉಪದೇಶದಲ್ಲಿ ಕನ್ನಡ, ಮನೆಯ ಪ್ರಾರ್ಥನೆಯಲ್ಲಿ ಕೊಂಕಣಿ ಎಂಬಂತೆ ಮೂರು ಭಾಷೆಗಳ ಭಕ್ತಿ ಒದಗಿತು.

ಇವುಗಳಲ್ಲಿ ಆಳಕ್ಕೆ ಇಳಿದದ್ದು ಮನೆಯ ಪ್ರಾರ್ಥನೆ. ದೀಪ ಹಚ್ಚುವ ಹೊತ್ತಿಗೆ ಪೀಠದ ಮುಂದೆ ಮನೆಮಂದಿಯೆಲ್ಲ ಸೇರಿ ಹೇಳುವ ಜಪಸರಕ್ಕೆ ಕೊಂಕಣಿಯಲ್ಲಿ ತೇರ್ಸ್ ಎನ್ನುತ್ತಾರೆ. ಒಬ್ಬರು ಮುಂದೆ ಹೇಳಿಕೊಟ್ಟು ಉಳಿದವರು ಮುಗಿಸುವ ಈ ಪ್ರಾರ್ಥನೆಯಲ್ಲಿ ಪ್ರತಿ ಹತ್ತು ಮಣಿಗಳ ಮೊದಲು ಶುಭಸಂದೇಶದ ಒಂದು ಘಟನೆಯನ್ನು ಹೆಸರಿಸುತ್ತಾರೆ: ದೇವದೂತನು ಮರಿಯಳಿಗೆ ಹೇಳಿದ ಸುದ್ದಿ, ಮರಿಯಳು ಬೆಟ್ಟದ ನಾಡಿನಲ್ಲಿದ್ದ ಎಲಿಜಬೇತಳ ಮನೆಗೆ ಹೋದದ್ದು, ಗೆತ್ಸೆಮನೆ ತೋಟದ ಸಂಕಟ, ಹೀಗೆ. ಪ್ರಾರ್ಥನೆ ಮುಗಿದ ಮೇಲೆ ಕಿರಿಯರು ಹಿರಿಯರಿಂದ ಬೆಸಾಂವ್, ಅಂದರೆ ಆಶೀರ್ವಾದ, ಪಡೆಯುತ್ತಾರೆ. ಪುಸ್ತಕ ತೆರೆಯದೆಯೇ ಶುಭಸಂದೇಶದ ಮುಖ್ಯ ಘಟನೆಗಳೆಲ್ಲ ವಾರವಾರವೂ ಮನಸ್ಸಿನಲ್ಲಿ ಸುತ್ತಿ ಬರುವ ಈ ಏರ್ಪಾಡು ಗ್ವಿಗೊ ಹೇಳಿದ ಎರಡನೆಯ ಮತ್ತು ಮೂರನೆಯ ಮೆಟ್ಟಿಲುಗಳಿಗೆ, ಮನನಕ್ಕೂ ಪ್ರಾರ್ಥನೆಗೂ, ಸಮೀಪವಾದದ್ದು. ಕೊರತೆಯಿದ್ದದ್ದು ಮೊದಲನೆಯ ಮೆಟ್ಟಿಲಿನಲ್ಲಿ. ಚರ್ಚಿನ ಅನುಮೋದನೆಯಾಗಲಿ ವಿವರಣೆಯ ಟಿಪ್ಪಣಿಗಳಾಗಲಿ ಇಲ್ಲದ ದೇಶಭಾಷೆಯ ಬೈಬಲನ್ನು ಓದಲು ಆಗಿನ ಕಥೊಲಿಕರಿಗೆ ಅವಕಾಶವಿರಲಿಲ್ಲ. 1882ರಲ್ಲಿ ಮಂಗಳೂರಿನಲ್ಲಿ ಸ್ಥಾಪನೆಯಾದ ಕೊಡಿಯಾಲಬೈಲ್ ಮುದ್ರಣಾಲಯದಂಥ ಕಡೆಗಳಿಂದ ಕನ್ನಡ ಲಿಪಿಯ ಕೊಂಕಣಿ ಪುಸ್ತಕಗಳು ಹೊರಬಂದರೂ ಭಕ್ತರ ಕೈಯಲ್ಲಿ ಹೆಚ್ಚಾಗಿ ಇದ್ದದ್ದು ಪ್ರಾರ್ಥನಾಪುಸ್ತಕ ಮತ್ತು ಧರ್ಮೋಪದೇಶದ ಪುಸ್ತಕವೇ ಹೊರತು ಧರ್ಮಗ್ರಂಥವಲ್ಲ. ಇದು ನಿಜವಾದ ನಷ್ಟ. ಅದನ್ನು ಮೃದುಮಾಡಿ ಹೇಳುವುದು ಚರಿತ್ರೆಗೆ ನ್ಯಾಯವಾಗದು.

ಮಂಗಳೂರಿನಲ್ಲಿಯೇ, ಕಾಫಿ ಸೀಮೆಯ ಕೊಂಕಣಿಗರ ತವರಿನಲ್ಲಿ, ಪೂರ್ಣಪ್ರಮಾಣದ ಧ್ಯಾನಜೀವನದ ಮಠವೊಂದು 1870ರಲ್ಲಿ ಬೇರೂರಿತು. ಫ್ರಾನ್ಸಿನ ಪೋ ನಗರದಿಂದ ಹೊರಟ ಕಾರ್ಮೆಲ್ ಸಭೆಯ ಸನ್ಯಾಸಿನಿಯರಲ್ಲಿ ಕೆಲವರು ದಾರಿಯಲ್ಲಿಯೇ ತೀರಿಕೊಂಡರು; ಉಳಿದವರು ಸ್ಥಾಪಿಸಿದ ಮಠದಲ್ಲಿ ಹದಿಮೂರನೆಯ ಶತಮಾನದ ಆರಂಭದ ಕಾರ್ಮೆಲ್ ನಿಯಮದಂತೆ ಪ್ರಭುವಿನ ವಾಕ್ಯವನ್ನು ಹಗಲಿರುಳು ಧ್ಯಾನಿಸುವುದೇ ಮುಖ್ಯ ಕಾಯಕವಾಗಿತ್ತು. ಅವರಲ್ಲಿ ಒಬ್ಬಳು ಪಾಲೆಸ್ತೀನಿನ ಇಬಿಲ್ಲಿನ್ ಎಂಬ ಹಳ್ಳಿಯವಳಾದ ಮರಿಯಂ ಬವಾರ್ದಿ. ಆಕೆಗೆ ಓದುಬರಹ ಬಹಳ ಕಡಿಮೆ ತಿಳಿದಿತ್ತು. ಆದರೂ 1871ರಲ್ಲಿ ಮಂಗಳೂರಿನಲ್ಲಿ ಸನ್ಯಾಸವ್ರತ ಸ್ವೀಕರಿಸಿದ ಆಕೆಯನ್ನು, ಮುಂದೆ ಬೆತ್ಲೆಹೇಮಿನ ಕಾರ್ಮೆಲ್ ಮಠಕ್ಕೆ ಕಾರಣಳಾದ ಆಕೆಯನ್ನು, 2015ರಲ್ಲಿ ಕಥೊಲಿಕ ಚರ್ಚು ಸಂತಳೆಂದು ಸಾರಿತು. ಧ್ಯಾನಪಠಣವು ವಿದ್ವಾಂಸರ ಸೊತ್ತಲ್ಲವೆಂಬುದಕ್ಕೆ ಕನ್ನಡ ಕರಾವಳಿಯ ಚರಿತ್ರೆಯಲ್ಲಿ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಗುವುದು ಕಷ್ಟ.

ಧರ್ಮಗ್ರಂಥವನ್ನು ಕನ್ನಡದ ಪುಸ್ತಕವಾಗಿ ಕೈಗಿತ್ತವರು ಪ್ರೊಟೆಸ್ಟಂಟರು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು, ವಿಲಿಯಂ ರೀವ್ ಮೊದಲಾದವರ ಜೊತೆಗೂಡಿ ಮಾಡಿದ ಅನುವಾದದ ಫಲವಾಗಿ 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ದೊರೆಯಿತು. ಅದರ ಪರಿಷ್ಕರಣದಲ್ಲಿ ಬಾಸೆಲ್ ಮಿಷನ್ನಿನ ಗಾಟ್‌ಫ್ರೀಡ್ ವೈಗ್ಲೆಯಂಥವರು ದುಡಿದರು. ಮೈಸೂರು ಸಂಸ್ಥಾನದಲ್ಲಿ ನೆಲೆಯೂರಿದ ವೆಸ್ಲಿಯನ್ ಮಿಷನ್ನು ಮಲೆನಾಡಿನ ಅಂಚಿನ ಜಿಲ್ಲೆಗಳಿಗೂ ವಿಸ್ತರಿಸಿದಾಗ ಆ ಸಭೆಗಳಲ್ಲಿ ಕುಟುಂಬ ಪ್ರಾರ್ಥನೆಯ ಕೇಂದ್ರದಲ್ಲಿ ಸತ್ಯವೇದದ ಓದು ಬಂದಿತು. ಆ ಪಂಥದ ಪ್ರವರ್ತಕ ಜಾನ್ ವೆಸ್ಲಿ 1765ರಲ್ಲಿ ಹಳೆಯ ಒಡಂಬಡಿಕೆಯ ಟಿಪ್ಪಣಿಗಳಿಗೆ ಬರೆದ ಮುನ್ನುಡಿಯಲ್ಲಿ, ಬೆಳಿಗ್ಗೆ ಮತ್ತು ಸಂಜೆ ಓದಿಗೆ ಹೊತ್ತನ್ನು ಮೀಸಲಿಡಬೇಕು, ಓದುವ ಮೊದಲೂ ಅನಂತರವೂ ಪ್ರಾರ್ಥಿಸಬೇಕು, ನಡುನಡುವೆ ನಿಂತು ತನ್ನ ಅಂತರಂಗವನ್ನು ಶೋಧಿಸಿಕೊಳ್ಳಬೇಕು, ತಿಳಿದುದನ್ನು ಕೂಡಲೆ ನಡತೆಗೆ ತರಬೇಕು ಎಂಬರ್ಥದ ಸಲಹೆಗಳನ್ನು ಕೊಟ್ಟಿದ್ದನು. ಮಠದ ಪರಿಭಾಷೆ ಇಲ್ಲಿ ಇಲ್ಲ, ನಾಲ್ಕು ಮೆಟ್ಟಿಲುಗಳ ಹೆಸರೂ ಇಲ್ಲ. ಆದರೆ ಓದಿನ ಲಯ ಅದೇ. ಮನೆಮನೆಗೆ ಹೋಗಿ ಹೆಂಗಸರಿಗೆ ಓದಿ ಹೇಳುತ್ತಿದ್ದ ಬೈಬಲ್ ಸೇವಕಿಯರು ಈ ಓದನ್ನು ಪುನಃ ಕೇಳ್ಮೆಯಾಗಿ ಪರಿವರ್ತಿಸಿದರು, ಏಕೆಂದರೆ ಅವರ ಎದುರು ಕುಳಿತವರಲ್ಲಿ ಅನೇಕರಿಗೆ ಅಕ್ಷರ ಬರುತ್ತಿರಲಿಲ್ಲ.

ಇಪ್ಪತ್ತನೆಯ ಶತಮಾನದ ನ‌ಡುವಿನಲ್ಲಿ ಕೇರಳದಿಂದ ನರಸಿಂಹರಾಜಪುರದ ಕಡೆಗೆ ಕೃಷಿಗಾಗಿ ಬಂದ ಸಿರಿಯನ್ ಕ್ರೈಸ್ತರು ಮೂರನೆಯ ಒಂದು ಧಾರೆಯನ್ನು ಸೇರಿಸಿದರು. ಅವರ ಪ್ರಾರ್ಥನೆ ದಿನದ ಯಾಮಗಳಿಗೆ ಹೊಂದಿಕೊಂಡು, ಸಿರಿಯಾಕ್ ಮೂಲದ ಹಾಡುಗಳಲ್ಲಿ ಧರ್ಮಗ್ರಂಥದ ಚಿತ್ರಗಳನ್ನು ಹೆಣೆಯುವಂಥದ್ದು. ಅವರಲ್ಲಿ ಸಿರೊ ಮಲಬಾರ್ ಕಥೊಲಿಕರಿಗಾಗಿ 2007ರಲ್ಲಿ ಭದ್ರಾವತಿಯಲ್ಲಿ ಧರ್ಮಪ್ರಾಂತ್ಯವೊಂದು ಸ್ಥಾಪನೆಯಾಯಿತು.

ಲ್ಯಾಟಿನ್ ವಿಧಿಯ ಕಥೊಲಿಕರಲ್ಲಿ ಬದಲಾವಣೆ ಬಂದದ್ದು 1960ರ ದಶಕದಲ್ಲಿ, ಅದೂ ಎರಡು ದಿಕ್ಕಿನಿಂದ ಒಟ್ಟಿಗೇ. 1963ರ ನವೆಂಬರಿನಲ್ಲಿ ಮೈಸೂರು ಧರ್ಮಪ್ರಾಂತ್ಯದಿಂದ ಬೇರ್ಪಟ್ಟು ಚಿಕ್ಕಮಗಳೂರು ಧರ್ಮಪ್ರಾಂತ್ಯ ಹುಟ್ಟಿತು. ಮುಂದೆ ಬೆಂಗಳೂರಿನ ಮಹಾಧರ್ಮಾಧ್ಯಕ್ಷರಾದ ಅಲ್ಫೋನ್ಸಸ್ ಮಥಾಯಸ್ ಇದರ ಮೊದಲ ಧರ್ಮಾಧ್ಯಕ್ಷರು. ಅದೇ ಹೊತ್ತಿಗೆ ರೋಮಿನಲ್ಲಿ ನಡೆಯುತ್ತಿದ್ದ ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರ ನವೆಂಬರ್ 18ರಂದು ದೇಯಿ ವೆರ್ಬುಮ್ ಎಂಬ ಸಂವಿಧಾನವನ್ನು ಪ್ರಕಟಿಸಿ, ಎಲ್ಲ ವಿಶ್ವಾಸಿಗಳೂ ಧರ್ಮಗ್ರಂಥವನ್ನು ಆಗಾಗ ಓದಬೇಕೆಂದೂ, ದೇವರು ಮತ್ತು ಮನುಷ್ಯರ ನಡುವೆ ಸಂವಾದ ಏರ್ಪಡುವಂತೆ ಆ ಓದಿನ ಜೊತೆ ಪ್ರಾರ್ಥನೆ ಇರಬೇಕೆಂದೂ ಒತ್ತಾಯಿಸಿತು. ಪೂಜಾವಿಧಿ ಜನರ ಭಾಷೆಗೆ ಬಂದಿತು. 1969ರ ಹೊಸ ವಾಚನಸಂಚಯವು ಭಾನುವಾರದ ಬಲಿಪೂಜೆಗಳಲ್ಲಿ ಮೂರು ವರ್ಷಗಳ ಸುತ್ತಿನಲ್ಲಿ ಬೈಬಲಿನ ಮೊದಲಿಗಿಂತ ಹೆಚ್ಚು ಭಾಗ ಕೇಳಿಸುವಂತೆ ಪಠ್ಯಗಳನ್ನು ಹಂಚಿತು. ಘಟ್ಟದ ಮೇಲಿನ ಚರ್ಚುಗಳಲ್ಲಿ ಪ್ರವಾದಿಗಳ ಮತ್ತು ಪೌಲನ ಮಾತುಗಳು ಕನ್ನಡದಲ್ಲಿ, ಕೊಂಕಣಿಯಲ್ಲಿ, ಸಾಮಾನ್ಯ ಭಕ್ತರ ದನಿಯಲ್ಲಿ ಕೇಳಿಬರತೊಡಗಿದವು. ನೂರಾರು ವರ್ಷಗಳ ಕಾಲ ಮನನವನ್ನು ಬಲ್ಲವರಾಗಿದ್ದರೂ ಪಠಣದಿಂದ ದೂರವಿದ್ದವರಿಗೆ ಇದು ಎಷ್ಟು ದೊಡ್ಡ ಕೊಡುಗೆಯಾಗಿತ್ತೆಂಬುದನ್ನು, ಅಚ್ಚಾದ ಬೈಬಲ್ ಎಲ್ಲೆಲ್ಲೂ ಸಿಗುವ ಈ ಕಾಲದಲ್ಲಿ ಪ್ರಯತ್ನಪಟ್ಟು ನೆನೆಯಬೇಕಾಗುತ್ತದೆ.

ಈ ಬದಲಾವಣೆಗೆ ಕರ್ನಾಟಕದಲ್ಲಿ ನೆಲೆಯೊದಗಿಸಿದ್ದು 1967ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ಪೂಜಾವಿಧಿ ಕೇಂದ್ರ. ಅದನ್ನು ಕಟ್ಟಿದ ಗುರು ಡಿ. ಎಸ್. ಅಮಲೋರ್ಪವದಾಸ್ ಅವರು ನೆಲದ ಮೇಲೆ ಕುಳಿತು, ದೀಪ ಹಚ್ಚಿ, ಮೌನವಾಗಿ ಧರ್ಮಗ್ರಂಥವನ್ನು ಆಲಿಸುವ ಕ್ರಮವನ್ನು ರೂಢಿಗೆ ತಂದರು. ಅನಂತರ ಮೈಸೂರಿನಲ್ಲಿ ಚಾಮುಂಡಿ ಬೆಟ್ಟದ ಬಳಿ ಅಂಜಲಿ ಆಶ್ರಮವನ್ನು ಸ್ಥಾಪಿಸಿ, ವಿಶ್ವವಿದ್ಯಾನಿಲಯದಲ್ಲಿ ಕ್ರೈಸ್ತ ಧರ್ಮದ ಅಧ್ಯಯನಕ್ಕೆ ನೆಲೆ ಕಲ್ಪಿಸಿ, 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅವರಿಗಿಂತ ಮೊದಲೇ, 1955ರಲ್ಲಿ ಭಾರತಕ್ಕೆ ಬಂದ ಇಂಗ್ಲೆಂಡಿನ ಬೆನೆಡಿಕ್ಟೈನ್ ಸನ್ಯಾಸಿ ಬೀಡ್ ಗ್ರಿಫಿತ್ಸ್ ಬೆಂಗಳೂರಿನ ಬಳಿಯ ಕೆಂಗೇರಿಯಲ್ಲಿ ಮಠಜೀವನದ ಪ್ರಯತ್ನ ಮಾಡಿ, 1958ರಲ್ಲಿ ಕೇರಳದ ಬೆಟ್ಟಗಳಲ್ಲಿನ ಕುರಿಸುಮಲಕ್ಕೆ ಹೋಗಿದ್ದರು. ಕೆಂಗೇರಿಯ ಕಡೆಯ ಆಶೀರ್ವನಂ ಮಠ ಬೆನೆಡಿಕ್ಟರ ನಿಯಮದ ಪಠಣವನ್ನು ಕರ್ನಾಟಕದಲ್ಲಿ ಇಂದಿಗೂ ನಡೆಸಿಕೊಂಡು ಬಂದಿದೆ.

ಉಪನಿಷತ್ತಿನ ಶ್ರವಣ, ಮನನ, ನಿದಿಧ್ಯಾಸನಗಳ ಪಕ್ಕದಲ್ಲಿ ಗ್ವಿಗೊನ ಏಣಿಯನ್ನು ಇರಿಸಿ ನೋಡುವ ಅಭ್ಯಾಸ ಈ ಆಶ್ರಮಗಳ ಪರಿಸರದಲ್ಲಿ ಸಹಜವಾಗಿಯೇ ಬೆಳೆಯಿತು. ಹೋಲಿಕೆ ನಿಜವಾದದ್ದು, ಆದರೆ ಅದನ್ನು ಪೂರ್ತಿ ಸಮೀಕರಣವಾಗಿಸಿದರೆ ಎರಡಕ್ಕೂ ಅನ್ಯಾಯವಾಗುತ್ತದೆ. ಅದ್ವೈತದ ಕ್ರಮದಲ್ಲಿ ಶ್ರವಣವು ಕೇಳುವವನ ನಿಜಸ್ವರೂಪದ ಮೇಲಿನ ಅಜ್ಞಾನವನ್ನು ನೀಗಿಸುವುದಕ್ಕಾಗಿ ಇದೆ, ಮತ್ತು ಮನನವೆಂದರೆ ಯುಕ್ತಿಯಿಂದ ನಿಶ್ಚಯಕ್ಕೆ ಬರುವುದು. ಕ್ರೈಸ್ತ ಧ್ಯಾನಪಠಣದಲ್ಲಿ ಮನನ ಮತ್ತು ಧ್ಯಾನಗಳ ನಡುವೆ ಪ್ರಾರ್ಥನೆ ಎಂಬ ಇನ್ನೊಂದು ಮೆಟ್ಟಿಲಿದೆ. ಅಲ್ಲಿ ಓದುಗನು ಪಠ್ಯದ ಮೂಲಕ ತನ್ನನ್ನು ಮಾತಾಡಿಸಿದವನಿಗೆ ಬಾಯಿಬಿಟ್ಟು ಉತ್ತರ ಕೊಡುತ್ತಾನೆ, ಬೇಡುತ್ತಾನೆ, ಕೆಲವೊಮ್ಮೆ ದೂರುತ್ತಾನೆ. ಈ ಮೆಟ್ಟಿಲಿಗೆ ಕನ್ನಡದಲ್ಲಿ ನಿಕಟವಾದ ನಂಟು ಹುಡುಕುವುದಾದರೆ ವೇದಾಂತದ ಪ್ರಕ್ರಿಯೆಗಿಂತ ವಚನಕಾರರ ಮತ್ತು ದಾಸರ ನೇರ ಸಂಬೋಧನೆಯ ಕಡೆಗೆ ನೋಡುವುದು ಹೆಚ್ಚು ಸೂಕ್ತ.

ಶಿಬಿರ ಮತ್ತು ಆಶ್ರಮಗಳ ಈ ಸಾಧನೆ ತೋಟದ ಜನರ ನಡುವೆ ಬಂದದ್ದು ವಾಡೊಗಳ ದಾರಿಯಿಂದ. ಧರ್ಮಕೇಂದ್ರವನ್ನು ಕೆಲವೇ ಮನೆಗಳ ವಾಡೊಗಳಾಗಿ ವಿಂಗಡಿಸಿ ಪ್ರತಿಯೊಂದಕ್ಕೂ ಒಬ್ಬ ಗುರಿಕಾರನನ್ನು ನೇಮಿಸುವ ಪದ್ಧತಿ ಮಂಗಳೂರು ಕಡೆಯ ಕೊಂಕಣಿಗರಲ್ಲಿ ಹಳೆಯದು. 1980ರ ದಶಕದಿಂದೀಚೆಗೆ, ಚಿಕ್ಕ ಕ್ರೈಸ್ತ ಸಮುದಾಯಗಳನ್ನು ಕಟ್ಟುವ ಕೆಲಸ ಭಾರತದ ಧರ್ಮಪ್ರಾಂತ್ಯಗಳಲ್ಲಿ ಹಬ್ಬಿದಾಗ, ದಕ್ಷಿಣ ಆಫ್ರಿಕದ ಲುಮ್ಕೊ ಸಂಸ್ಥೆಯಲ್ಲಿ ರೂಪುಗೊಂಡ ಏಳು ಹಂತಗಳ ಶುಭಸಂದೇಶ ಹಂಚಿಕೆ ಎಂಬ ವಿಧಾನವೂ ಅದರೊಡನೆ ಬಂದಿತು. ಮೊದಲು ಪ್ರಭುವನ್ನು ಆಹ್ವಾನಿಸುತ್ತಾರೆ, ಒಬ್ಬರು ಪಠ್ಯವನ್ನು ಗಟ್ಟಿಯಾಗಿ ಓದುತ್ತಾರೆ, ಅನಂತರ ಯಾರಿಗೆ ಯಾವ ಪದ ಅಥವಾ ವಾಕ್ಯ ತಾಗಿತೋ ಅದನ್ನಷ್ಟೇ, ವ್ಯಾಖ್ಯಾನವಿಲ್ಲದೆ, ಮೂರು ಸಲ ಪ್ರಾರ್ಥನೆಯ ದನಿಯಲ್ಲಿ ಹೇಳುತ್ತಾರೆ, ಕೆಲವು ನಿಮಿಷ ಮೌನವಿರುತ್ತದೆ, ಆಮೇಲೆ ಪ್ರತಿಯೊಬ್ಬರೂ ತಮಗೆ ತೋರಿದ್ದನ್ನು ಹಂಚಿಕೊಳ್ಳುತ್ತಾರೆ, ವಾಡೊದಲ್ಲಿ ಆಗಬೇಕಾದ ಕೆಲಸವನ್ನು, ಕಾಯಿಲೆಯವರ ಆರೈಕೆಯಿಂದ ಹಿಡಿದು ಜಗಳದ ಪಂಚಾಯಿತಿಯವರೆಗೆ, ಚರ್ಚಿಸುತ್ತಾರೆ, ಕೊನೆಗೆ ಪ್ರಾರ್ಥಿಸುತ್ತಾರೆ. ಮಠದ ಸನ್ಯಾಸಿ ಒಂಟಿಯಾಗಿ ಹತ್ತುತ್ತಿದ್ದ ಏಣಿಯನ್ನು ಇಲ್ಲಿ ಹತ್ತು ಮನೆಯವರು ಒಟ್ಟಾಗಿ ಹತ್ತುತ್ತಾರೆ. ಮೂರನೆಯ ಹಂತದ ಮರುನುಡಿಕೆಯು ಅಕ್ಷರ ತಿಳಿಯದ ಅಜ್ಜಿಗೂ ಕಾಲೇಜು ಓದಿದ ಮೊಮ್ಮಗಳಿಗೂ ಒಂದೇ ಸ್ಥಾನ ಕೊಡುತ್ತದೆ, ಮತ್ತು ತೇರ್ಸ್ ಹೇಳಿ ಪಳಗಿದವರಿಗೆ ಅದು ಹೊಸತೆನಿಸುವುದಿಲ್ಲ.

ಬೆನೆಡಿಕ್ಟರು ಪಠಣದ ಹೊತ್ತನ್ನು ಋತುವಿಗೆ ತಕ್ಕಂತೆ ಬದಲಿಸಿದ್ದರೆಂಬ ಸಂಗತಿ ಕಾಫಿ ಸೀಮೆಯಲ್ಲಿ ವಿಶೇಷ ಅರ್ಥ ಪಡೆಯುತ್ತದೆ. ಕ್ರಿಸ್ಮಸ್ಸಿನ ಸಿದ್ಧತೆಯ ಆಗಮನ ಕಾಲ ಬರುವುದು ಅರೇಬಿಕಾ ಹಣ್ಣಿನ ಕುಯ್ಲಿನ ನಡುವೆ. ಬೆಳಕು ಹರಿಯುವ ಮೊದಲೇ ತೋಟಕ್ಕೆ ಹೊರಟು, ಸಂಜೆ ಹಣ್ಣು ಅಳೆದುಕೊಟ್ಟು, ಲೈನಿಗೆ, ಅಂದರೆ ಕೂಲಿಯವರ ಸಾಲುಮನೆಗೆ, ಮರಳುವ ಕುಟುಂಬಕ್ಕೆ ಆಗ ದಕ್ಕುವುದು ಚಿಕ್ಕ ಪ್ರಾರ್ಥನೆಯಷ್ಟೇ. ತಪಸ್ಸುಕಾಲ ಬರುವುದು ರೋಬಸ್ಟಾ ಕುಯ್ಲು ಮುಗಿಯುತ್ತ, ಹೂಮಳೆಗಾಗಿ ಬೆಳೆಗಾರರು ಆಕಾಶ ನೋಡುವ ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ. ಶಿಲುಬೆ ಹಾದಿಯ ಪ್ರಾರ್ಥನೆಗೂ ಯಾತನಾಚರಿತ್ರೆಯ ನಿಧಾನವಾದ ಓದಿಗೂ ಆಗ ಬಿಡುವು ಸಿಗುತ್ತದೆ. ಮಳೆಗಾಲದ ದೀರ್ಘ ಸಂಜೆಗಳು ಮನೆಯೊಳಗಿನ ಓದಿಗೆ ಒದಗುವ ಕಾಲ. ಬೆಳೆ ಕೊಯ್ಯುವ ದುಡಿಮೆ ತಾವೇ ಮಾಡಬೇಕಾಗಿ ಬಂದರೆ ಸನ್ಯಾಸಿಗಳು ಬೇಸರಪಡಬಾರದೆಂದು ಬೆನೆಡಿಕ್ಟರು ಅದೇ ಅಧ್ಯಾಯದಲ್ಲಿ ಬುದ್ಧಿ ಹೇಳಿದ್ದಾರೆ. ಕೈಗಳಿಗೆ ಕೆಲಸವಿರುವಾಗಲೂ ಬಾಯಿಪಾಠವಾದ ವಾಕ್ಯ ಜೊತೆಗಿರುತ್ತದೆಂಬ ಭರವಸೆಯೇ ಈ ಮಾತಿನ ಹಿಂದಿದೆ, ಮತ್ತು ಆ ಭರವಸೆ ತೋಟದ ಕೂಲಿಯವರ ಬದುಕಿಗೆ ಮಠದವರಿಗಿಂತಲೂ ಹೆಚ್ಚಾಗಿ ಸಲ್ಲುತ್ತದೆ.

ಭಾರತದ ಕಾಫಿಯ ಸುಮಾರು ಶೇ. 70ರಷ್ಟನ್ನು ಬೆಳೆಯುವ ಕರ್ನಾಟಕದ ಈ ಬೆಟ್ಟಗಳಿಗೆ ಈಗ ಘಟ್ಟದ ಕೆಳಗಿನ ಆಳುಗಳು ಬರುವುದು ಬಹುಮಟ್ಟಿಗೆ ನಿಂತಿದೆ. ಮೂಡಿಗೆರೆ, ಆಲ್ದೂರು, ಬಾಳೆಹೊನ್ನೂರುಗಳ ಲೈನುಗಳಲ್ಲಿ ಅಸ್ಸಾಂ, ಜಾರ್ಖಂಡ್ ಮೊದಲಾದ ರಾಜ್ಯಗಳ ಕುಟುಂಬಗಳು ತಂಗಿವೆ. ಅವರಲ್ಲಿ ಆದಿವಾಸಿ ಕ್ರೈಸ್ತರೂ ಸೇರಿದ್ದಾರೆ. ಪೂಜಾವೇದಿಯ ಕನ್ನಡವಾಗಲಿ ಕೊಂಕಣಿಯಾಗಲಿ ಅವರ ಕಿವಿಗೆ ಪರಿಚಿತವಲ್ಲ, ಅವರ ಸಾದ್ರಿ ಭಾಷೆಯ ಹಾಡುಗಳು ಇಲ್ಲಿನ ಧರ್ಮಕೇಂದ್ರಗಳಿಗೆ ಪರಿಚಿತವಲ್ಲ. ನೂರೈವತ್ತು ವರ್ಷಗಳ ಹಿಂದೆ ಫ್ರೆಂಚ್ ಗುರುವಿನ ಕನ್ನಡ ಉಪದೇಶವನ್ನು ಕೇಳಿ, ಲೈನಿಗೆ ಮರಳಿ, ಕೊಂಕಣಿಯಲ್ಲಿ ಮಣಿ ಎಣಿಸಿದವರ ಮಕ್ಕಳು ಮೊಮ್ಮಕ್ಕಳೇ ಇಂದು ಆ ಧರ್ಮಕೇಂದ್ರಗಳ ಗುರಿಕಾರರೂ ಉಪದೇಶಿಗಳೂ ಆಗಿರುವುದರಿಂದ, ವಾಡೊದ ಓದಿನಲ್ಲಿ ಈ ಹೊಸಬರ ಭಾಷೆಗೆ ಜಾಗ ಮಾಡಿಕೊಡುವ ಕೆಲಸ ಅವರ ಪಾಲಿಗೆ ಬಂದಿದೆ.